ಒಬ್ಬನಿಗೆ ಉದ್ಯೋಗ, ಇಡೀ ಕುಟುಂಬಕ್ಕೆ ವಲಸೆ



ಉದ್ಯೋಗದ ಕರೆ ಒಬ್ಬನಿಗೆ ಬರುತ್ತದೆ. ಊರು ಬಿಡುವುದು ಮಾತ್ರ ಇಡೀ ಕುಟುಂಬ. ಅನೇಕ ಯುವಕರು ಸಂಬಳದ ಮೊತ್ತವನ್ನು ನೋಡುತ್ತಾರೆಯೇ ಹೊರತು ಪತ್ನಿಯ ಅಭಿಪ್ರಾಯವನ್ನು ಕೇಳುವುದಿಲ್ಲ. ತವರು, ನೆರೆಹೊರೆಗಳನ್ನು ತೊರೆದು ಅಪರಿಚಿತ ಬೀದಿಯಲ್ಲಿ ಹಗಲು ಕಳೆಯಬೇಕಾದವಳು ಆಕೆ. ಆದ್ದರಿಂದ ನಿರ್ಧಾರದಲ್ಲಿ ಆಕೆಗೂ ಸಮಪಾಲಿರಲಿ.

ಮನೆ ಹುಡುಕುವಾಗ ಬಾಡಿಗೆಯೊಂದನ್ನೇ ಲೆಕ್ಕ ಹಾಕಬೇಡಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಇಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಮೆಟ್ರೋ ಆರಂಭವಾಗಿದೆ. ಅಲ್ಲಿ ದುಡಿಯುವವನು ಈ ಯಡಿಯೂರಿನ ಆಸುಪಾಸಿನಲ್ಲಿ ತುಸು ಹೆಚ್ಚು ಬಾಡಿಗೆ ತೆತ್ತರೂ, ದಾರಿಯಲ್ಲಿ ಉಳಿದ ಸಮಯ ಮಕ್ಕಳಿಗೆ ದಕ್ಕುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆಯಾದರೂ ರಾಜ್ಯವು ಅಂಗೀಕರಿಸದೆ ಅದು ಜಾರಿಯಾಗದು. ಆದ್ದರಿಂದ ಮುಂಗಡದ ಹಣ ಕೂಡಿದ ಮೇಲೆಯೇ ಹೊರಡುವುದು ಲೇಸು.

ಹೆಸರು ಕೇಳಿದೊಡನೆ ‘ಮನೆ ಹೋಗಿದೆ’ ಎನ್ನುವವರೂ ಇದ್ದಾರೆ. ಸಂವಿಧಾನದ 15(1)ನೇ ವಿಧಿಯು ಧರ್ಮದ ಹೆಸರಲ್ಲಿ ತಾರತಮ್ಯವೆಸಗದಂತೆ ಸರಕಾರವನ್ನು ತಡೆಯುತ್ತದೆ, ಖಾಸಗಿ ಮಾಲಕನನ್ನಲ್ಲ. ಈ ಕೊರತೆಯನ್ನು ತುಂಬುವ ಕಾನೂನಿಗಾಗಿ ನಾವು ಒತ್ತಾಯಿಸಬೇಕು. ಆದರೆ ಒಬ್ಬನ ನಿರಾಕರಣೆಗಾಗಿ ಇಡೀ ಬೀದಿಯನ್ನೇ ದ್ವೇಷಿಸುವುದು ನ್ಯಾಯವಲ್ಲ.

ಮಕ್ಕಳ ಶಾಲೆಯ ಬಗ್ಗೆಯೂ ಅರಿವಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಎಂಟನೇ ತರಗತಿವರೆಗಿನ ಮಗುವಿಗೆ ಸರಕಾರಿ, ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ.

ಕೊನೆಯದಾಗಿ, ಈಗಾಗಲೇ ಇಲ್ಲಿ ನೆಲೆಸಿದವರಲ್ಲಿ ಒಂದು ವಿನಂತಿ. ನಿಮ್ಮ ಬೀದಿಗೆ ಹೊಸ ಕುಟುಂಬವೊಂದು ಬಂದರೆ, ಅದು ಯಾರದೇ ಆಗಿರಲಿ, ಅವರ ಬಾಗಿಲು ತಟ್ಟಿ ಕ್ಷೇಮ ವಿಚಾರಿಸುವ ಮೊದಲಿಗರು ನೀವಾಗಿರಿ.