ಕೃಷಿಶೇಷ ಮತ್ತು ಅನ್ನಶೇಷಗಳ ಸದ್ವಿನಿಯೋಗ



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪ್ರಾಂತದ ಎರೆ ಮತ್ತು ಮಸಾರಿ ಭೂಮಿಗಳು ಹತ್ತಿ, ಶೇಂಗಾ, ಗೋವಿನಜೋಳ, ಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನು ಕೊಡುವುವೆಂಬುದು ಸರ್ವವಿದಿತವಷ್ಟೆ. ಆದರೆ ಈ ಬೆಳೆಗಳೊಡನೆ ಹುಟ್ಟುವ ಮತ್ತೊಂದು ರಾಶಿಯುಂಟು. ಕಣದಲ್ಲಿ ಅದನ್ನು ಅಳೆಯುವವರಿಲ್ಲ. ಹತ್ತಿಕಟ್ಟಿಗೆ, ಶೇಂಗಾ ಸಿಪ್ಪೆ, ಗೋವಿನಜೋಳದ ದಂಟು, ಕೊಳೆತ ಉಳ್ಳಾಗಡ್ಡಿ, ಸಂತೆಯ ಕಾಯಿಪಲ್ಯದ ಕಸ, ಖಾನಾವಳಿಗಳ ಮುಸುರೆ ಇವೆಲ್ಲವೂ ಆ ರಾಶಿಗೆ ಸೇರಿದವು. ಒಣಗಿದುದಕ್ಕೆ ಬೆಂಕಿ, ಹಸಿಯಾದುದಕ್ಕೆ ಹಳ್ಳದ ದಂಡೆ ಎಂಬ ರೂಢಿ ಎಷ್ಟೋ ಕಡೆ ಬಿದ್ದುಹೋಗಿದೆ. ನೆಲದಿಂದ ಪಡೆದುದನ್ನು ನೆಲಕ್ಕೆ ಮರಳಿಸದ ಒಕ್ಕಲಿಗನು ಅಸಲನ್ನೇ ತಿನ್ನುತ್ತ ಬಡ್ಡಿ ಉಣ್ಣುತ್ತಿರುವೆನೆಂದು ಭ್ರಮಿಸುವವನಾಗುತ್ತಾನೆ.

ಬೆರಕೆಯ ಕಸವು ನಿರುಪಯೋಗಿ ಎಂಬ ಎಣಿಕೆ ಸರಿಯಲ್ಲ. ಒಣ ದಂಟಿನಲ್ಲಿ ಇಂಗಾಲವು ಅತಿಶಯ, ಸಾರಜನಕವು ಅತ್ಯಲ್ಪ. ಆದುದರಿಂದ ಅದು ಬೇಗ ಕೊಳೆಯದು. ಅನ್ನಶೇಷವಾದರೋ ತ್ವರೆಯಾಗಿ ಹುಳಿಯುವುದು. ಹುಳಿ ಮಿತಿಮೀರಿದಲ್ಲಿ ಅನಿಲವನ್ನುಂಟುಮಾಡುವ ಸೂಕ್ಷ್ಮಜೀವಿಗಳು ಕುಂದುವುವು. ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಕೂಡುವಂತೆ ಇವೆರಡನ್ನೂ ಸೆಗಣಿಯೊಡನೆ ಬೆರೆಸಿದರೆ ಒಂದರ ದೋಷವನ್ನು ಮತ್ತೊಂದು ಪರಿಹರಿಸುವುದು. ವೈದ್ಯನು ಮೂಲಿಕೆಗಳನ್ನು ಕೂಡಿಸುವ ಕ್ರಮವೂ ಇದೇ ಅಲ್ಲವೇ? ಪ್ಲಾಸ್ಟಿಕ್, ಗಾಜು, ಕೀಟನಾಶಕದ ಡಬ್ಬಿಗಳ ಬೆರಕೆಯೊಂದೇ ವರ್ಜ್ಯ. ಗಡುಸಾದ ಹತ್ತಿಕಟ್ಟಿಗೆಯು ಅನಿಲಕ್ಕೆ ಸುಲಭವಾಗಿ ಒದಗದು; ಅದನ್ನು ಚೂರುಮಾಡಿ ಒತ್ತಿದರೆ ಹಲಗೆಯಾಗುವುದು, ಉರುವಲೂ ಆಗುವುದು.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡರು ಹೊಲದ ಕಸವನ್ನು ಗೊಬ್ಬರವಾಗಿಸುವ ಕ್ರಮವನ್ನು ರೂಪಿಸಿ, 1931ರಲ್ಲಿ ಯಶವಂತ ವಾಡರೊಡನೆ ಗ್ರಂಥರೂಪದಲ್ಲಿ ಪ್ರಕಟಿಸಿದರು. ಸಿ. ಎನ್. ಆಚಾರ್ಯರು 1939ರ ಸುಮಾರಿಗೆ ಪಟ್ಟಣದ ಕಸಕ್ಕೆ ತಕ್ಕುದಾದ ಬೆಂಗಳೂರು ಪದ್ಧತಿಯನ್ನು ಕೊಟ್ಟರು.

ಈಗ ಆ ವಿದ್ಯೆ ಮುಂದಡಿಯಿಟ್ಟಿದೆ. ಗಾಳಿಯಾಡದ ತೊಟ್ಟಿಯಲ್ಲಿ ಕಸವು ಮೊದಲು ಕರಗಿ, ಬಳಿಕ ಹುಳಿಗಳಾಗಿ, ಕಡೆಗೆ ಉರಿಯುವ ಮಿಥೇನ್ ಅನಿಲವಾಗುವುದು. ಹುಳಿಯ ಹಂತದಲ್ಲಿಯೇ ಕ್ರಿಯೆಯನ್ನು ತಡೆದು, ಆ ಹುಳಿಗಳನ್ನು ಬೇರೊಂದು ಬಗೆಯ ಸೂಕ್ಷ್ಮಜೀವಿಗಳಿಗೆ ಉಣಿಸಿದರೆ, ಅವು ಮಣ್ಣಿನಲ್ಲಿ ಜೀರ್ಣವಾಗಬಲ್ಲ ಪ್ಲಾಸ್ಟಿಕ್ಕಿನಂಥ ವಸ್ತುವನ್ನು ತಮ್ಮೊಡಲಲ್ಲಿ ಕೂಡಿಡುವುವು. ಫ್ರಾನ್ಸಿನ ಲೆಮ್ವಾನ್ಯ ಎಂಬ ವಿಜ್ಞಾನಿಯು ಆ ವಸ್ತುವನ್ನು 1926ರಲ್ಲಿಯೇ ಕಂಡುಹಿಡಿದಿದ್ದನು. ಉಳ್ಳಾಗಡ್ಡಿಯ ಕಸವೂ ವ್ಯರ್ಥವಲ್ಲ. ಅಮೆರಿಕದ ಆಕ್ಸ್‌ನಾರ್ಡ್ ಎಂಬಲ್ಲಿ ಉಳ್ಳಾಗಡ್ಡಿ ಸುಲಿಯುವ ಕಾರ್ಖಾನೆಯೊಂದು 2009ರಲ್ಲಿ ಅದರಿಂದಲೇ ಅನಿಲವನ್ನೂ ವಿದ್ಯುತ್ತನ್ನೂ ಪಡೆಯಿತು. ಉಳ್ಳಾಗಡ್ಡಿಯಲ್ಲಿ ಗಂಧಕಾಂಶವಿರುವುದರಿಂದ ಅನಿಲದೊಡನೆ ವಿಷವಾಯುವೂ ಏಳುವುದು. ಕಬ್ಬಿಣದ ತುಕ್ಕಿನ ನಡುವೆ ಹಾಯಿಸಿ ಅದನ್ನು ಶೋಧಿಸತಕ್ಕದ್ದು.

ಇಂಥ ಕಾರ್ಯವು ಒಬ್ಬ ಒಕ್ಕಲಿಗನಿಂದ ಸಾಗದು. ಕಸವು ಚೆದುರಿದುದು, ಅದನ್ನು ಹೊರುವ ವೆಚ್ಚವು ಹಿರಿದು. ಸಾಲದ ಸಂಕಟವನ್ನು ಒಬ್ಬೊಬ್ಬರೇ ನೀಗಲಾರರೆಂದರಿತು, 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಹಣವನ್ನು ಕೂಡಿಸಿದ ಆ ಮಾರ್ಗವೇ ಕಸವನ್ನು ಕೂಡಿಸಲಿಕ್ಕೂ ತಕ್ಕುದು.

ಆದರೆ ಇಲ್ಲಿ ಕ್ರಮವು ತಪ್ಪಬಾರದು. ದಾಸೋಹದ ಪಂಕ್ತಿಯಲ್ಲಿ ಎಡೆಯೊಳಗೆ ಅನ್ನವನ್ನು ಬಿಡದಿರುವುದೇ ಮೊದಲ ಧರ್ಮ. ಬಿಟ್ಟ ಅನ್ನದಿಂದ ಅನಿಲ ಪಡೆಯುವುದು ಅದರ ತರುವಾಯದ್ದು. ಮನುಷ್ಯನಿಗೆ ಸಲ್ಲುವುದು ಮನುಷ್ಯನಿಗೆ, ದನಕರುಗಳಿಗೆ ಸಲ್ಲುವುದು ದನಕರುಗಳಿಗೆ. ಮಿಕ್ಕುದರಿಂದಲೇ ಅನಿಲ, ಹಲಗೆ ಮೊದಲಾದ ವಸ್ತುಗಳಾಗಲಿ. ತೊಟ್ಟಿಯಲ್ಲುಳಿದ ಬಗ್ಗಡವು ತಪ್ಪದೆ ಹೊಲಕ್ಕೆ ಮರಳಲಿ. ಬೆಲೆಯುಳ್ಳ ವಸ್ತುವು ಕೈಗೆ ಬಂದು ಗೊಬ್ಬರವು ಹೊಲ ಸೇರದಿದ್ದರೆ, ಹೊಲವನ್ನು ಸುಲಿಯುವ ಮತ್ತೊಂದು ಹಾದಿಯನ್ನು ಕಲಿತಂತಾದೀತೇ ಹೊರತು ಸದ್ವಿನಿಯೋಗವಾಗದು. ನೆಲದ ಋಣವನ್ನು ತೀರಿಸಿದ ಬಳಿಕ ಉಳಿಯುವುದೇ ನಿಜವಾದ ಲಾಭವು.