‘ಹೇಗಿದ್ದೀಯ?’ ಅಂತ ಯಾರನ್ನು ಕೇಳಬೇಕು?

(ಭೀಮನಬೀಡಿನಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಸಂಘದಲ್ಲಿ ನಾವು ಉಳಿತಾಯ, ಸಾಲ, ಬಡ್ಡಿ ಎಲ್ಲದಕ್ಕೂ ಲೆಕ್ಕ ಬರೆಯುತ್ತೇವೆ. ಆದರೆ ಒಬ್ಬರ ಬದುಕು ಚೆನ್ನಾಗಿದೆಯೋ ಇಲ್ಲವೋ ಅನ್ನುವುದನ್ನು ಅಳೆಯುವುದು ಹೇಗೆ?

ಮನೆಭೇಟಿಗೆ ಹೋದಾಗ ಒಬ್ಬ ಹುಡುಗನನ್ನು ಕಂಡೆ. ಅವನಿಗೆ ಡುಶೆನ್ ಎಂಬ ಸ್ನಾಯುಕ್ಷಯ. ಇದು ಹೆಚ್ಚಾಗಿ ಗಂಡುಮಕ್ಕಳಿಗೆ ಬರುವ ಕಾಯಿಲೆ. ಮೂರು ನಾಲ್ಕು ವರ್ಷಕ್ಕೆ ಮಗು ಪದೇ ಪದೇ ಬೀಳುತ್ತದೆ, ತೊಡೆಯ ಮೇಲೆ ಕೈಯೂರಿ ಏಳುತ್ತದೆ. ಹತ್ತು ಹನ್ನೆರಡು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ನಡಿಗೆ ನಿಲ್ಲುತ್ತದೆ. ಸ್ನಾಯುವಿಗೆ ಬೇಕಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನು ದೇಹದಲ್ಲಿ ತಯಾರಾಗದಿರುವುದೇ ಕಾರಣ. ಮಾಟವೂ ಅಲ್ಲ, ಪಾಪದ ಫಲವೂ ಅಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ.

‘ಮಗ ಹೇಗಿದ್ದಾನಮ್ಮ?’ ಅಂತ ತಾಯಿಯನ್ನು ಕೇಳಿದೆ. ‘ಅವನ್ದೂ ಒಂದು ಬಾಳಾ ಸಿಸ್ಟರ್?’ ಅಂತ ಕಣ್ಣೀರಿಟ್ಟರು. ಹುಡುಗ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಅವನನ್ನೇ ಕೇಳಿದೆ. ‘ಚೆನ್ನಾಗಿದ್ದೀನಿ ಸಿಸ್ಟರ್. ಸ್ಕೂಲಿಗೆ ಕರ್ಕೊಂಡು ಹೋಗೋರಿಲ್ಲ, ಅದೇ ಬೇಜಾರು’ ಅಂದ. ಇಷ್ಟು ವರ್ಷ ಸಮಾಜಕಾರ್ಯ ಮಾಡಿದ ನಾನೇ ಮೊದಲು ಅವನನ್ನು ಕೇಳಿರಲಿಲ್ಲ!

ಇದನ್ನು ಅಳೆಯಲು ಪ್ರಶ್ನೆಪತ್ರಿಕೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯು ದೊಡ್ಡವರಿಗಾಗಿ ಮಾಡಿದ ಚಿಕ್ಕ ಪತ್ರಿಕೆಯಲ್ಲಿ 26 ಪ್ರಶ್ನೆಗಳು. ದೇಹ, ಮನಸ್ಸು, ಜನರ ಒಡನಾಟ, ಸುತ್ತಲ ಪರಿಸರ ಎಂದು ನಾಲ್ಕು ಭಾಗ. ನಿದ್ದೆ ಬರುತ್ತದೆಯೇ, ಕೈಯಲ್ಲಿ ಸಾಕಷ್ಟು ಹಣವಿದೆಯೇ, ಓಡಾಡಲು ಅನುಕೂಲವಿದೆಯೇ ಅಂತೆಲ್ಲ ಕೇಳುತ್ತಾರೆ. ಮಕ್ಕಳಿಗೆ ಪೆಡ್ಸ್‌ಕ್ಯೂಎಲ್ ಎಂಬುದಿದೆ. ಅದರಲ್ಲಿ ಮಗುವಿಗೆ ಒಂದು ಹಾಳೆ, ಹೆತ್ತವರಿಗೆ ಇನ್ನೊಂದು. ಡುಶೆನ್ ಇರುವ ಮಕ್ಕಳಲ್ಲಿ ನಡೆದ ಹಲವು ಅಧ್ಯಯನಗಳಲ್ಲಿ ಹೆತ್ತವರು ಕೊಟ್ಟ ಅಂಕಕ್ಕಿಂತ ಮಕ್ಕಳು ತಮಗೆ ತಾವೇ ಕೊಟ್ಟುಕೊಂಡ ಅಂಕ ಹೆಚ್ಚು.

ಹಾಗಂತ ಅವರಿಗೆ ಕಷ್ಟವಿಲ್ಲ, ಸಹಾಯ ಬೇಡ ಎಂದಲ್ಲ. ಸ್ನಾಯುವಿನ ಬಲ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆದರೆ ಬದುಕಿನ ಅಂಕವೂ ಅದರ ಜೊತೆಗೇ ಇಳಿಯಬೇಕಾಗಿಲ್ಲ. ಬಾಗಿಲಿಗೆ ಒಂದು ಇಳಿಜಾರು, ಒಂದು ಗಾಲಿಕುರ್ಚಿ, ಸಂಜೆ ಬಂದು ಕೂರುವ ಒಬ್ಬ ಗೆಳೆಯ ಇದ್ದರೆ ಆ ಅಂಕ ಏರುತ್ತದೆ. ಔಷಧಿ, ಉಸಿರಾಟದ ಆರೈಕೆಯಿಂದ ಈಗ ಈ ಮಕ್ಕಳು ಹಿಂದಿಗಿಂತ ಹೆಚ್ಚು ವರ್ಷ ಬದುಕುತ್ತಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಪಾಸಣೆಯ ಸೌಲಭ್ಯವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸ್ನಾಯುಕ್ಷಯವೂ ಸೇರಿದೆ. ಗುರುತಿನ ಚೀಟಿಗಾಗಿ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ.

ತಾಯಿಯನ್ನೂ ಮರೆಯಬೇಡಿ. ದಿನವೂ ಮಗನನ್ನು ಎತ್ತಿ ಇಳಿಸಿ ಅವರ ಸೊಂಟ ಬಿದ್ದಿರುತ್ತದೆ. ಸಂಘದ ಸಭೆಗೆ ಯಾಕೆ ಬರಲಿಲ್ಲ ಎಂದು ದಂಡ ಹಾಕುವ ಮೊದಲು, ಎರಡು ಗಂಟೆ ಮಗನ ಹತ್ತಿರ ಕೂರಲು ನಮ್ಮಲ್ಲಿ ಒಬ್ಬರು ಹೋಗಬಾರದೇ?

ನಿಮ್ಮ ಬೀದಿಯಲ್ಲಿ ಇಂಥವರು ಇದ್ದರೆ ಈ ವಾರ ಹೋಗಿ. ‘ಅಯ್ಯೋ ಪಾಪ’ ಅನ್ನಬೇಡಿ. ಪಕ್ಕದಲ್ಲಿ ಕೂತು ಅವರನ್ನೇ ಕೇಳಿ: ರಾತ್ರಿ ನಿದ್ದೆ ಬಂತಾ? ಇವತ್ತು ಯಾರ ಜೊತೆ ಮಾತಾಡಿದೆ? ನಿನಗೆ ಏನು ಬೇಕು? ಹೇಳಿದ್ದನ್ನು ಮುಂದಿನ ಸಭೆಯ ಪುಸ್ತಕದಲ್ಲಿ ಬರೆಯೋಣ. ನಮ್ಮಿಂದ ಆಗುವುದನ್ನು ಒಂದೊಂದಾಗಿ ಮಾಡೋಣ.