ಹಳೆಯ ಸೆಂಟಿಗೆ ಬೆಲೆ ಕಟ್ಟುವುದು ಹೇಗೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಈ ವೇದಿಕೆಯಲ್ಲೇ ಇದ್ದಾರೆ. ಹಾಗಾಗಿ ನಾನು ನನ್ನ ಹವ್ಯಾಸದ ಬಗ್ಗೆ ಹೇಳುತ್ತೇನೆ. ಅದರಿಂದ ಊರಿಗೂ ಒಂದು ಉಪಯೋಗವಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಕಂಪನಿ ನನ್ನನ್ನು ಮೂರು ವರ್ಷ ಅಮೆರಿಕದ ಓಹಾಯೊ ರಾಜ್ಯಕ್ಕೆ ಕಳಿಸಿತ್ತು. ಅಲ್ಲಿ ಹತ್ತಿಕೊಂಡದ್ದು ಹಳೆಯ ಸೆಂಟ್ ನಾಣ್ಯ ಕೂಡಿಸುವ ಹುಚ್ಚು. ನಮ್ಮ ರೂಪಾಯಿಗೆ ಪೈಸೆ ಇದ್ದ ಹಾಗೆ ಅವರ ಡಾಲರಿಗೆ ಸೆಂಟ್. ಬ್ಯಾಂಕಿನಲ್ಲಿ ಅರ್ಧ ಡಾಲರ್ ಕೊಟ್ಟರೆ ಐವತ್ತು ಸೆಂಟುಗಳನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಅಂಥ ಸುರುಳಿಗಳನ್ನು ತಂದು ಒಂದೊಂದೇ ನಾಣ್ಯ ನೋಡುವುದು, ಹಳೆಯದು ಸಿಕ್ಕರೆ ಇಟ್ಟುಕೊಳ್ಳುವುದು, ಉಳಿದದ್ದನ್ನು ಬ್ಯಾಂಕಿಗೆ ಹಿಂತಿರುಗಿಸುವುದು. ದುಡ್ಡು ಹೋಗದ ಹವ್ಯಾಸ.

ಅಮೆರಿಕದ ಮೊದಲ ಸೆಂಟುಗಳು ದೊಡ್ಡ ತಾಮ್ರದ ಬಿಲ್ಲೆಗಳು. 1857ರಲ್ಲಿ ಕಾನೂನು ಮಾಡಿ ಅವನ್ನು ನಿಲ್ಲಿಸಿ, 19 ಮಿಲಿಮೀಟರ್ ಅಗಲದ ಸಣ್ಣ ಸೆಂಟನ್ನು ತಂದರು. ಮೊದಲು ಹಾರುವ ಹದ್ದಿನ ಚಿತ್ರ, 1859ರಿಂದ 1909ರವರೆಗೆ ಗರಿಗಳ ಕಿರೀಟ ತೊಟ್ಟ ತಲೆ. ಇದನ್ನು ಇಂಡಿಯನ್ ಹೆಡ್ ಎನ್ನುತ್ತಾರೆ. ಇಲ್ಲಿ ಇಂಡಿಯನ್ ಎಂದರೆ ನಾವಲ್ಲ, ಅಲ್ಲಿನ ಮೂಲನಿವಾಸಿಗಳು. 1909ರಲ್ಲಿ ಲಿಂಕನ್ ಹುಟ್ಟಿ ನೂರು ವರ್ಷವಾದಾಗ ಅವರ ಮುಖ ಬಂತು.

ಹಳೆಯದಾದರೆ ಬೆಲೆ ಜಾಸ್ತಿ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗಿಲ್ಲ. ಇಂಡಿಯನ್ ಹೆಡ್ ಸೆಂಟುಗಳನ್ನು 1907ರಲ್ಲಿ 10 ಕೋಟಿಗೂ ಹೆಚ್ಚು ಅಚ್ಚು ಹಾಕಿದ್ದರು. ಅದು ನೂರು ವರ್ಷ ದಾಟಿದ್ದರೂ ಸವೆದದ್ದು ಕೆಲವೇ ಡಾಲರಿಗೆ ಸಿಗುತ್ತದೆ. 1877ರಲ್ಲಿ ಹಾಕಿದ್ದು 8,52,500 ಮಾತ್ರ. ಅದಕ್ಕೆ ಸವೆದಿದ್ದರೂ ನೂರಾರು ಡಾಲರ್.

ಎರಡನೆಯದು ನಾಣ್ಯದ ಸ್ಥಿತಿ. ವಿಲಿಯಂ ಶೆಲ್ಡನ್ ಎಂಬುವರು 1949ರಲ್ಲಿ ದೊಡ್ಡ ಸೆಂಟುಗಳಿಗಾಗಿ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿ ತಂದರು. ಈಗ ಅಮೆರಿಕದ ಎಲ್ಲ ನಾಣ್ಯಗಳಿಗೂ ಅದೇ ಅಳತೆ. ಕೈಯಿಂದ ಕೈಗೆ ಹೋಗದ ನಾಣ್ಯಕ್ಕೆ 60ರಿಂದ 70. ಸವೆದದ್ದಕ್ಕೆ ಅದಕ್ಕಿಂತ ಕಡಿಮೆ. ಇದು ಬಾಯಿಗೆ ಬಂದ ಅಂಕವಲ್ಲ. ಇಂಡಿಯನ್ ಹೆಡ್ ಸೆಂಟಿನ ಕಿರೀಟದ ಪಟ್ಟಿಯ ಮೇಲೆ 'ಲಿಬರ್ಟಿ' ಎಂದು ಇಂಗ್ಲಿಷಿನ ಏಳು ಅಕ್ಷರಗಳಿವೆ. ಒಂದೂ ಓದಲು ಬಾರದಿದ್ದರೆ 4, ಮೂರು ಅಕ್ಷರ ಕಂಡರೆ 8, ಮಸುಕಾಗಿಯಾದರೂ ಏಳೂ ಕಂಡರೆ 12. ಭೂತಕನ್ನಡಿ ಹಿಡಿದು ಎಣಿಸಿದರೆ ಆಯಿತು, ಐದನೇ ತರಗತಿಯ ಮಗುವೂ ಎಣಿಸಬಹುದು.

ತಾಯಂದಿರಿಗೆ ಒಂದು ಮಾತು. ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಫಳಫಳ ಹೊಳೆಯುತ್ತದೆ. ನಾಣ್ಯಕ್ಕೆ ಮಾತ್ರ ಹಾಗೆ ಮಾಡಬೇಡಿ. ಹುಳಿ ತಾಗಿದರೆ ಮೇಲಿನ ಪದರ ಹೋಗಿ ಬಣ್ಣ ಅಸಹಜವಾಗುತ್ತದೆ, ಬೆಲೆ ಬಿದ್ದುಹೋಗುತ್ತದೆ. ಕಂದು ಬಣ್ಣ ನಾಣ್ಯದ ವಯಸ್ಸು, ಕೊಳೆಯಲ್ಲ.

ಬೆಲೆ ಇದ್ದ ಕಡೆ ಮೋಸವೂ ಇರುತ್ತದೆ. ಡೆನ್ವರ್ ಟಂಕಸಾಲೆಯ 1914ರ ಲಿಂಕನ್ ಸೆಂಟುಗಳು ಸುಮಾರು 12 ಲಕ್ಷ ಮಾತ್ರ. ಅದೇ ಟಂಕಸಾಲೆಯ 1944ರವು 43 ಕೋಟಿ. 1944ರ ಮೊದಲನೇ ನಾಲ್ಕನ್ನು ಉಜ್ಜಿ ಒಂದು ಮಾಡಿದರೆ 1914 ಆಗುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಮೆರಿಕದವನೊಬ್ಬನ ಬಳಿ ಇಂಥದೊಂದಿತ್ತು. ತೀರಿಕೊಂಡ ತಂದೆ ಜೋಪಾನ ಮಾಡಿದ್ದದ್ದು. ಮಗಳ ಕಾಲೇಜು ಖರ್ಚಿಗೆ ಮಾರಬೇಕೆಂದು ನನಗೆ ತೋರಿಸಿದ. ಒಂಬತ್ತಕ್ಕೂ ಅದರ ಪಕ್ಕದ ಒಂದಕ್ಕೂ ನಡುವೆ ಜಾಗ ಅಗಲವಾಗಿತ್ತು. ಲಿಂಕನ್ ಭುಜದ ಕೆಳಗೆ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರ್ ಹೆಸರಿನ ಮೂರು ಮೊದಲಕ್ಷರಗಳೂ ಇದ್ದವು. ಆ ಅಕ್ಷರಗಳನ್ನು 1909ರಲ್ಲೇ ತೆಗೆದುಹಾಕಿದ್ದರು, ಭುಜದ ಮೇಲೆ ಮತ್ತೆ ಬಂದದ್ದು 1918ರಲ್ಲಿ. ಅಂದಮೇಲೆ 1914ರ ನಾಣ್ಯದಲ್ಲಿ ಅವು ಇರುವ ಹಾಗೇ ಇಲ್ಲ.

ಏನೂ ಹೇಳದೆ ಭೂತಕನ್ನಡಿಯನ್ನು ಅವನ ಕೈಗೇ ಕೊಟ್ಟೆ, ಎಲ್ಲಿ ನೋಡಬೇಕೆಂದು ತೋರಿಸಿದೆ. ತುಂಬ ಹೊತ್ತು ನೋಡಿದ. "ಅಪ್ಪನಿಗೆ ಇದು ಗೊತ್ತಾಗದೆ ಹೋದದ್ದೇ ಒಳ್ಳೆಯದಾಯಿತು" ಎಂದ. ನಾಣ್ಯವನ್ನು ಮಾರಲಿಲ್ಲ. ಗೊತ್ತಿಲ್ಲದ ಇನ್ನೊಬ್ಬರಿಗೆ ದಾಟಿಸಲೂ ಇಲ್ಲ, ಮನೆಯಲ್ಲೇ ಇಟ್ಟುಕೊಂಡ.

ಇನ್ನು ನಮ್ಮೂರಿನ ವಿಷಯ. ಹೋದ ವರ್ಷ ಇಲ್ಲಿಯ ಹಿರಿಯರೊಬ್ಬರಿಗೆ ಫೋನು ಬಂತು. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದರು. ಆಮೇಲೆ ತೆರಿಗೆ ಎಂದರು, ಆಮೇಲೆ ಕಮಿಷನ್ ಎಂದರು. ಕುರಿ ಮಾರಿದ ದುಡ್ಡೆಲ್ಲ ಹೋಯಿತು, ನೋಟು ಮಾತ್ರ ಅವರ ಪೆಟ್ಟಿಗೆಯಲ್ಲೇ ಉಳಿಯಿತು. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಂದಲೂ ಶುಲ್ಕ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ಆ ಮಾತು ಆ ಹಿರಿಯರ ಮನೆಯವರೆಗೆ ಬರಲಿಲ್ಲ.

ನಾಣ್ಯ ಕೊಳ್ಳುವವನು ಮೊದಲು ನಾಣ್ಯ ನೋಡುತ್ತಾನೆ, ಅಕ್ಷರ ಎಣಿಸುತ್ತಾನೆ, ಆಮೇಲೆ ತಾನು ದುಡ್ಡು ಕೊಡುತ್ತಾನೆ. ವಸ್ತುವನ್ನೇ ನೋಡದೆ ನಿಮ್ಮಿಂದ ದುಡ್ಡು ಕೇಳುವವನು ಕೊಳ್ಳುವವನೇ ಅಲ್ಲ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಪರೀಕ್ಷಿಸಲು ಬೇಕಾದ ಸಾಮಾನು ಹೈಸ್ಕೂಲಿನಲ್ಲೇ ಇರುವಂಥದ್ದು. 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಗಿ ಸೆಂಟನ್ನು ಉಕ್ಕಿನಲ್ಲಿ ಮಾಡಿದರು. ಆ ವರ್ಷ ತಪ್ಪಿ ತಾಮ್ರದಲ್ಲಿ ಅಚ್ಚಾದ ಕೆಲವೇ ನಾಣ್ಯಗಳಿಗೆ ಭಾರಿ ಬೆಲೆ. ಉಕ್ಕಿಗೆ ತಾಮ್ರ ಲೇಪಿಸಿ ತಂದವನ ಬಣ್ಣ ಅಯಸ್ಕಾಂತ ಹಿಡಿದರೆ ಬಯಲಾಗುತ್ತದೆ. 1982ರಲ್ಲಿ ತಾಮ್ರದ ಸೆಂಟು ಹೋಗಿ ತಾಮ್ರ ಲೇಪಿಸಿದ ಸತುವಿನದು ಬಂತು, ಮೊದಲಿನದು 3.11 ಗ್ರಾಂ, ಆಮೇಲಿನದು 2.5. ತಕ್ಕಡಿ ಸುಳ್ಳು ಹೇಳುವುದಿಲ್ಲ. ನೋಡಿದ್ದನ್ನು ಮೊದಲು ಬರೆಯಿರಿ, ತೀರ್ಮಾನ ಆಮೇಲೆ ಎಂದು ನಮ್ಮ ವಿಜ್ಞಾನದ ಮೇಷ್ಟ್ರು ಇದೇ ಶಾಲೆಯಲ್ಲಿ ಹೇಳಿಕೊಟ್ಟದ್ದು ನನಗೆ ಅಲ್ಲಿ ಉಪಯೋಗಕ್ಕೆ ಬಂತು.

ಅದಕ್ಕೇ ಹತ್ತು ಭೂತಕನ್ನಡಿ, ಒಂದು ಸೂಕ್ಷ್ಮ ತಕ್ಕಡಿ, ನೂರು ಹಳೆಯ ಸೆಂಟುಗಳನ್ನು ಪ್ರಯೋಗಾಲಯಕ್ಕೆ ಕೊಡುತ್ತಿದ್ದೇನೆ. ಮಕ್ಕಳೆ, ಅಕ್ಷರ ಎಣಿಸಿ ನೀವೇ ಅಂಕ ಹಾಕಿ. ಹಿರಿಯರೆ, ಹಳೆಯ ನೋಟು ನಾಣ್ಯ ಕೊಳ್ಳುತ್ತೇವೆಂದು ಫೋನು ಬಂದರೆ ದುಡ್ಡು ಕಳಿಸುವ ಮೊದಲು ಶಾಲೆಯ ಕಡೆ ಒಮ್ಮೆ ಬನ್ನಿ.